ಇಂಜಿನ್ನಿಗೆ ಹಚ್ಚಿದ ಕುಂಕುಮ

ನಾವು ಸಣ್ಣವರಿದ್ದಾಗಿನ ಶಹಾಬಾದಿನಲ್ಲಿ ಯಾವುದಕ್ಕೆ ಬರವಿದ್ದರೂ ಕಲ್ಲಿಗೆ ಬರವಿರಲಿಲ್ಲ. ನೆಲಕ್ಕೂ ಹಾಸುಗಲ್ಲಿನ ಫರ್ಸಿ, ಛತ್ತಿಗೂ ಫರ್ಸಿ, ಬಚ್ಚಲಿಗೂ ಫರ್ಸಿ, ಶಾಲೆಯಲ್ಲಿ ಕೂಡುವ ಕಟ್ಟೆಗೂ ಫರ್ಸಿ. ಬೇಸಿಗೆಯ ಸಂಜೆ ಅಂಗಳಕ್ಕೆ ನೀರು ಚೆಲ್ಲಿದರೆ ಆ ಕಾದ ಕಲ್ಲಿನಿಂದ ಒಂದು ವಾಸನೆ ಏಳುತ್ತಿತ್ತು. ಅದರ ಮೇಲೆ ಬಳಪದಿಂದ ಚೌಕಾಬಾರದ ಮನೆ ಬರೆದು, ಹುಣಸೆಬೀಜ ತೇಯ್ದು ಆಡುತ್ತಿದ್ದೆವು. ತೊಂಬತ್ತರ ದಶಕದ ನಡುವಿನ ಒಂದು ವರ್ಷ ಮಾತ್ರ ನಮ್ಮ ಆಟದ ಕಾಯಿಗಳು ನಟ್ಟು ಬೋಲ್ಟುಗಳಾಗಿದ್ದವು. ಆ ವರ್ಷ ಸೀನು ಕಾಕಾ ಮನೆಗೆ ಕಾರು ತಂದಿದ್ದ.

ತಂದಿದ್ದ ಅಂದರೆ ಓಡಿಸಿಕೊಂಡು ಅಲ್ಲ ಮತ್ತೆ! ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಅರ್ಧ ಓಣಿಯ ಹುಡುಗರಿಂದ ದಬ್ಬಿಸಿಕೊಂಡು ತಂದಿದ್ದ. ಕಾಕಾ ಅಂದರೆ ನಮ್ಮಪ್ಪನ ತಮ್ಮ. ಕಲ್ಲಿನ ಖಣಿಗಳಲ್ಲಿ ನೀರೆತ್ತುವ ಪಂಪು ರಿಪೇರಿ ಮಾಡಿಕೊಂಡಿದ್ದ. ಒಬ್ಬ ಖಣಿ ಮಾಲೀಕರ ಶೆಡ್ಡಿನಲ್ಲಿ ಹತ್ತಾರು ವರ್ಷ ಧೂಳು ತಿಂದು ಬಿದ್ದಿದ್ದ ಗಾಡಿ ಅದು. "ಓಡಸೂದಾದ್ರ ಒಯ್ಯೋ, ನಿಂದೇ" ಅಂದಿದ್ದರಂತೆ. ಎರಡೇ ಬಾಗಿಲು, ಎರಡೇ ಸೀಟು, ಉದ್ದ ಮೂಗು, ತಲೆಯ ಮೇಲೆ ಏನೂ ಇಲ್ಲ. ಇಂಗ್ಲೆಂಡಿನಲ್ಲಿ ಓಟದ ಪಂದ್ಯಕ್ಕೆ ಬಿಡುತ್ತಿದ್ದ ಗಾಡಿಯಂತೆ. ಒಂದು ಕಾಲಕ್ಕೆ ಕೆಂಪಗಿದ್ದದ್ದು ತುಕ್ಕು ಹಿಡಿದು ಗೋಡೆಗೆ ಬಳಿಯುವ ಕಾವಿಯ ಬಣ್ಣವಾಗಿತ್ತು.

ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು. "ಛತ್ತ ಇಲ್ಲದ ಗಾಡ್ಯಾಗ ಯಾರ ಕುಂದರತಾರೋ ಸೀನಾ? ಮಳಿ ಬಂದ್ರ?"

"ಮಳಿ ಬಂದ್ರ ಜೋರ ಹೊಡೀಬೇಕವ್ವ. ತೊಯ್ಯೂದ್ರೊಳಗ ಮನಿ ಬರತದ."

ಅಜ್ಜನಿಗೆ ಮಾತ್ರ ನಗು ಬರಲಿಲ್ಲ. ಅಜ್ಜ ರಿಟೈರಾದ ಹೆಡ್‌ಮಾಸ್ತರು. ನಮ್ಮದು ಮಾಸ್ತರಿಕೆ, ಗುಮಾಸ್ತಿಕೆ, ರಾಯರ ಮಠದ ಪೂಜೆ ಎಂದು ಬಾಳಿದ ಮನೆತನ. ಮೈಗೆ ಗ್ರೀಸ್ ಹಚ್ಚಿಕೊಂಡು ಬರುವ ಮಗನನ್ನು ನೋಡಿದರೆ ಅಜ್ಜನಿಗೆ ಊಟ ಸೇರುತ್ತಿರಲಿಲ್ಲ. ಸೇಡಂನ ಒಂದು ಕಚೇರಿಯಲ್ಲಿ ಕಾಕಾನಿಗೆ ಬರೆಯುವ ಕೆಲಸ ಆಗಲೇ ಗೊತ್ತುಮಾಡಿಟ್ಟಿದ್ದ. ಕಾಕಾನೋ, ಸ್ಟೇಷನ್ ರೋಡಿನಲ್ಲಿ ಸ್ವಂತದ ಗ್ಯಾರೇಜ್ ಹಾಕುವ ಕನಸು ಕಾಣುತ್ತಿದ್ದ. ಅವತ್ತು ರಾತ್ರಿ ಊಟದ ಎಲೆಯ ಮುಂದೆಯೇ ತೀರ್ಮಾನವಾಯಿತು.

"ದೀಪಾವಳಿ ಪಾಡ್ಯದ ದಿನ ಈ ಗಾಡಿ ತನ್ನ ಕಾಲ ಮ್ಯಾಲ ಕಾಗಿಣಾ ಹೊಳಿ ಪೂಲಿನ ತನಕ ಹೋಗಿ ಬಂತಂದ್ರ ನೀ ಹೇಳಿದಂಗ" ಅಂದ ಅಜ್ಜ. "ಇಲ್ಲಂದ್ರ ಗಾಡಿ ಗುಜರಿಗೆ, ನೀ ಸೇಡಂಕ್ಕ."

"ಆಗಲಿ ಅಪ್ಪಾ" ಅಂದ ಕಾಕಾ. ನನಗಾಗ ಹನ್ನೊಂದು ವರ್ಷ. ಕಾಕಾ ಸೇಡಂಗೆ ಹೋಗಿಬಿಟ್ಟರೆ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ಮಿರ್ಚಿ ತಿನ್ನಲು ಒಯ್ಯುವವರು ಯಾರು ಎಂದು ನನಗೆ ಅಳುವೇ ಬಂತು.

ಗಾಡಿಯ ಇಂಜಿನ್ ಹೊಟ್ಟೆ ಒಡೆದುಕೊಂಡಿತ್ತು. ಎಣ್ಣೆಯಿಲ್ಲದೆ ಓಡಿಸಿ, ಒಳಗಿನ ಕಬ್ಬಿಣ ಹೊರಗೆ ತೂರಿ ಬಂದಿತ್ತು. ಆದರೆ ಕಾಕಾ ಅದನ್ನು ಸುತ್ತಲೂ ನೋಡಿ, ನನ್ನನ್ನು ಕರೆದು, "ಏ ಸುಧಿ, ಇದು ನಮ್ಮ ಅಂಬಾಸಡರ್ ಇಂಜಿನ್ನಿನ ಅಣ್ಣ ಅದ ನೋಡ!" ಎಂದು ಕುಣಿದಾಡಿದ. ಎರಡೂ ಒಂದೇ ವಂಶದವಂತೆ. ವಾಡಿಯಲ್ಲಿ ಮುರಿಯಲು ಬಂದಿದ್ದ ಹಳೆಯ ಟ್ಯಾಕ್ಸಿಯ ಇಂಜಿನ್ ತಂದ. ಅಣ್ಣನ ಜಾಗದಲ್ಲಿ ತಮ್ಮನನ್ನು ಕೂರಿಸುವುದು ಅಂತ ಆಯಿತು.

ಆದರೆ ಹಳೆಯದನ್ನು ಎತ್ತುವುದು ಹೇಗೆ? ನಾಲ್ಕು ಮಂದಿ ಗಂಡಸರಿಗೂ ಜಗ್ಗದ ಭಾರ, ಎತ್ತುವ ಸರಪಳಿ ಯಂತ್ರ ಊರಲ್ಲಿ ಸಿಗಲಿಲ್ಲ. ಮೂರು ದಿನ ಕಾಕಾ ಗಲ್ಲಕ್ಕೆ ಕೈ ಹಚ್ಚಿ ಕೂತ. ಆಗ ಬಂದವನು ಹಣಮಂತ ಮಾಮಾ. ಕಾಗಿಣಾ ದಂಡೆಯವನು, ಖಣಿಯಲ್ಲಿ ಕಲ್ಲು ಎಬ್ಬಿಸುವವನು. ಬೀಡಿ ಸೇದುತ್ತ ಒಂದು ಸುತ್ತು ಹಾಕಿ ನೋಡಿದ.

"ಇಂಜಿನ್ ಯಾಕ ಎತ್ತಲಿಕತ್ತೀರಿ? ಗಾಡೀನ ಇಳಸ್ರಿ."

ನಮಗೆ ಯಾರಿಗೂ ತಿಳಿಯಲಿಲ್ಲ. ಅವನು ಮಾಡಿಯೇ ತೋರಿಸಿದ. ಕೊಟ್ಟಿಗೆಯ ಛತ್ತಿಗೆ ತೊಲೆಯಾಗಿ ಹಾಕಿದ್ದ ಹಳೆಯ ರೈಲುಕಂಬಿಯ ಕೆಳಗೆ ಗಾಡಿ ತಂದು ನಿಲ್ಲಿಸಿದರು. ಮಾಮಾ ಹಾರೆಯಿಂದ ಒಂದೊಂದೇ ಗಾಲಿ ಮೀಟುವುದು, ಕಾಕಾ ಅದರ ಕೆಳಗೆ ಒಂದು ಫರ್ಸಿ ಸರಿಸುವುದು. ಹೀಗೆ ಒಂದರ ಮೇಲೊಂದು ಫರ್ಸಿ ಸೇರುತ್ತ ಗಾಡಿ ನನ್ನ ಸೊಂಟದ ಎತ್ತರಕ್ಕೆ ಏರಿತು. ಇಂಜಿನ್ನನ್ನು ಸರಪಳಿಯಿಂದ ಕಂಬಿಗೆ ಬಿಗಿದು, ಬೋಲ್ಟು ಬಿಚ್ಚಿ, ಮತ್ತೆ ಅದೇ ಫರ್ಸಿಗಳನ್ನು ಒಂದೊಂದಾಗಿ ಎಳೆದರು. ಗಾಡಿ ಕೆಳಗಿಳಿಯಿತು, ಇಂಜಿನ್ ಮೇಲೆಯೇ ತೂಗಾಡುತ್ತ ಉಳಿಯಿತು. ಗಾಡಿಯನ್ನು ಹಿಂದಕ್ಕೆ ದಬ್ಬಿದರೆ ಮುಗಿಯಿತು! ಅಜ್ಜಿ ಚಪ್ಪಾಳೆ ತಟ್ಟಿದಳು. ಅಜ್ಜ ಪೇಪರು ಓದುವವನಂತೆ ನಟಿಸುತ್ತ ಕನ್ನಡಕದ ಮೇಲಿಂದ ನೋಡುತ್ತಿದ್ದುದನ್ನು ನಾನು ಕಂಡೆ.

ಶ್ರಾವಣ, ಭಾದ್ರಪದವೆಲ್ಲ ಆ ಕೊಟ್ಟಿಗೆಯಲ್ಲೇ ಕಳೆಯಿತು. ಹೊರಗೆ ಮಳೆ, ಒಳಗೆ ನೀರು ಹಾಕಿ ಉಸುಕಿನ ಕಾಗದದಿಂದ ತುಕ್ಕು ತಿಕ್ಕುವ ಚರಕ್ ಚರಕ್ ಸಪ್ಪಳ. ಸೀಮೆಎಣ್ಣೆ, ಗ್ರೀಸು, ಜೊತೆಗೆ ಅಡುಗೆಮನೆಯಿಂದ ತೊಗರಿಬೇಳೆ ಕುದಿಯುವ ವಾಸನೆ. ಅಮ್ಮ ಕೊಡುತ್ತಿದ್ದ ಒಗ್ಗರಣೆ ಹಾಕಿದ ಚುರುಮುರಿಯನ್ನು ಕೈ ತೊಳೆಯದೇ ತಿಂದು ಬೈಸಿಕೊಳ್ಳುತ್ತಿದ್ದೆ. ಅಜ್ಜಿಯದು ಕಟ್ಟುನಿಟ್ಟಿನ ಮಡಿ. ಕೊಟ್ಟಿಗೆಯ ಹೊಸ್ತಿಲು ದಾಟುತ್ತಿರಲಿಲ್ಲ, ನನ್ನ ನೆರಳು ತಾಗಿದರೂ "ದೂರ ನಿಂದರ, ದೂರ!" ಎಂದು ಸೆರಗು ಬಾಚಿಕೊಳ್ಳುತ್ತಿದ್ದಳು.

ವಾಡಿಯ ಇಂಜಿನ್ನನ್ನು ಕಾಕಾ ಪೂರಾ ಬಿಚ್ಚಿದ. ಅದರ ಹೊಟ್ಟೆಯಲ್ಲಿ ನಾಲ್ಕು ಕಬ್ಬಿಣದ ತೋಳುಗಳು. ಒಂದೊಂದು ತೋಳಿನ ತುದಿಗೂ ಅರ್ಧ ಬಳೆಯಂಥ ಒಂದೊಂದು ಟೋಪಿ. ಎರಡೂ ಕೂಡಿದರೆ ಪೂರ್ತಿ ಬಳೆ. ನೋಡಲು ನಾಲ್ಕೂ ಒಂದೇ, ಆದರೆ ಒಂದರ ಟೋಪಿ ಇನ್ನೊಂದಕ್ಕೆ ಹಾಕಿದಿರೋ, ಇಂಜಿನ್ ಬಿಗಿದುಕೊಂಡುಬಿಡುತ್ತದೆ. ಅವುಗಳ ನಂಬರನ್ನು ಯಾರೋ ಹಿಂದಿನ ಮಿಸ್ತ್ರಿ ಅರದಿಂದ ಉಜ್ಜಿ ಹಾಕಿದ್ದ. ಗುರುತು ಮಾಡಲು ಬಣ್ಣದ ಡಬ್ಬಿ ಹುಡುಕಿದರೆ ಒಣಗಿ ಕಲ್ಲಾಗಿತ್ತು. ಕಾಕಾ ಅಜ್ಜಿಯ ಕುಂಕುಮದ ಕರಡಿಗೆ ಎತ್ತಿಕೊಂಡು ಬಂದ. ಅಜ್ಜಿ ಹಣೆಗೆ ಹಚ್ಚುವಂತೆಯೇ ಮೊದಲು ಮೇಣ, ಮೇಲೆ ಕುಂಕುಮ. ಮೊದಲ ಜೋಡಿಗೆ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರ ತನಕ. ನಾನು ಆ ಹೊತ್ತಿಗೆ ಶಾಲೆಯಲ್ಲಿದ್ದೆ. ಅದೇ ಎಡವಟ್ಟಾದದ್ದು.

ನವಮಿಯ ದಿನ ಆಯುಧಪೂಜೆ. ಕಾಕಾ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಸಾಮಾನು ತರಲು ವಾಡಿಗೆ ಹೋಗಿದ್ದ. "ಸುಧಿ, ಕುಡಗೋಲು, ಕತ್ತರಿ, ಅಜ್ಜನ ಪೆನ್ನು, ಸೀನಾನ ಪಾನಾ ಎಲ್ಲಾ ತೊಳದು ದೇವರ ಮುಂದ ಇಡ" ಅಂದಳು ಅಜ್ಜಿ. ನಾನು ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ತೊಳೆದಿಟ್ಟೆ. ಆಮೇಲೆ ನನ್ನ ಜಾಣತನ ಸುಮ್ಮನಿರಬೇಕಲ್ಲ! ಕಾಕಾನ ನಿಜವಾದ ಆಯುಧ ಆ ಇಂಜಿನ್ನೇ ಅಲ್ಲವೇ ಅನಿಸಿತು. ಹೋಗಿ ನೋಡಿದರೆ ಯಾರೋ ಅದರ ತೋಳು, ಟೋಪಿಗಳಿಗೆ ಕುಂಕುಮ ಇಟ್ಟಿದ್ದಾರೆ, ಅದೂ ಒಂದಕ್ಕೆ ಒಂದು, ಮತ್ತೊಂದಕ್ಕೆ ನಾಲ್ಕು! ಇದೆಂಥ ಅನ್ಯಾಯ ಎಂದು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಸೀಗೆಪುಡಿಯಿಂದ ತಿಕ್ಕಿ, ಒರೆಸಿ, ಎಂಟಕ್ಕೂ ಒಂದೊಂದು ಅರಿಶಿನ, ಒಂದೊಂದು ಕುಂಕುಮ ಇಟ್ಟು ಚೆಂಡುಹೂವಿನ ಜೊತೆ ಸಾಲಾಗಿ ಜೋಡಿಸಿದೆ. ಎಷ್ಟು ಚಂದ ಕಂಡವೆಂದರೆ ನನಗೇ ಹೆಮ್ಮೆಯಾಯಿತು.

ಮಧ್ಯಾಹ್ನ ಕಾಕಾ ಬಂದ. ಕೊಟ್ಟಿಗೆಗೆ ಹೋದವನು ಅಲ್ಲಿಂದಲೇ ಕೂಗಿದ.

"ನನ್ನ ಗುರ್ತ ಅಳಿಸಿದವರು ಯಾರು?"

ನಾನು ಬಾಗಿಲ ಹಿಂದೆ ಅಡಗಿದ್ದೆ. ಮಾಡಿದ್ದೇನು ಎಂದು ಆಗ ಗೊತ್ತಾಯಿತು. ಗುಜರಿಯವನ ತಳ್ಳುಗಾಡಿಯೂ ಸೇಡಂನ ಬಸ್ಸೂ ಒಟ್ಟಿಗೇ ಕಣ್ಣಮುಂದೆ ಬಂದವು. ಅಡುಗೆಮನೆಯಿಂದ, ಒಲೆಯ ಮುಂದೆ ಮಡಿಯಲ್ಲಿ ಕೂತಿದ್ದ ಅಜ್ಜಿಯ ದನಿ ಬಂತು.

"ನಾನಪಾ. ಪೂಜಿ ದಿನ, ಬೋಳ್ ಬೋಳ್ ಇಡಬಾರದಂತ ನಾನೇ ತೊಳದು ಕುಂಕುಮ ಹಚ್ಚೀನಿ."

ಕಾಕಾ ಅಡುಗೆಮನೆಯ ಕಡೆ ನೋಡಿದ. "ಆಗಲಿ ಬಿಡವ್ವ" ಅಂದ. ಪಡಸಾಲೆಯಿಂದ ಅಜ್ಜ, "ಪಾಡ್ಯ ಅಂದ್ರ ಪಾಡ್ಯ" ಅಂದ.

ನಾನು ಅಜ್ಜಿಯ ಹತ್ತಿರ ಓಡಿದೆ. "ಅಜ್ಜಿ, ನೀ ಅದನ್ನ ಮುಟ್ಟೇ ಇಲ್ಲಲ್ಲ!"

"ದೂರ ನಿಂತು ಮಾತಾಡು. ನಿನ್ನ ಮ್ಯಾಲ ಸಿಟ್ಟಾದ್ರ ನೀ ಇನ್ನ ಆ ಕಡೆ ಹಾಯಂಗಿಲ್ಲ, ಅವನೂ ಕರಿಯಂಗಿಲ್ಲ. ನನ್ನ ಮ್ಯಾಲ ಸಿಟ್ಟಾಗಿ ಎಲ್ಲಿ ಹೋಗತಾನ? ಹಸಿವಾದ್ರ ಇಲ್ಲೇ ಬರಬೇಕು."

"ಮತ್ತ ಹಬ್ಬದ ದಿನ ಸುಳ್ಳ ಹೇಳಿದೆಲ್ಲ..."

"ಅದಕ್ಕ ಪ್ರಾಯಶ್ಚಿತ್ತ ಅಂತ ಏನಾರ ತಿನ್ನೂದು ಬಿಡತೀನಿ. ನೀ ಮಾತ್ರ ಬಾಯಿ ಬಿಟ್ಟಿ ನನ್ನ ಸುಳ್ಳು ಕೆಡಸಬ್ಯಾಡ."

ಅಜ್ಜಿಗೆ ಚಹಾ ಅಂದರೆ ಪ್ರಾಣ, ಅದೂ ಪಾಕದಂಥ ಚಹಾ. ಮರುದಿನದಿಂದ ಅಜ್ಜಿಯ ಬಟ್ಟಲಿಗೆ ಸಕ್ಕರೆ ಬೀಳಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ "ಸೇರಂಗಿಲ್ಲ ಯಾಕೋ" ಅನ್ನುತ್ತಿದ್ದಳು.

ಆ ನವಮಿಯ ದಿನ ಪಾನಾಗಳೆಲ್ಲ ದೇವರ ಮುಂದೆ, ದಶಮಿಯ ಪೂಜೆಯಾಗುವ ತನಕ ಮುಟ್ಟುವಂತಿಲ್ಲ. ಕಾಕಾ ಬರಿಗೈಯಲ್ಲೇ ಒಂದು ತೋಳಿಗೆ ಒಂದು ಟೋಪಿ ಹಿಡಿದು, ಒಳಗಡೆ ಬೆರಳಾಡಿಸಿ ನೋಡಿದ. ತಲೆ ಅಲ್ಲಾಡಿಸಿದ. ಅವನ ಬೆರಳು ಪಂಪು ಬಿಚ್ಚಿ ಬಿಚ್ಚಿ ಜಡ್ಡುಗಟ್ಟಿದ್ದವು.

"ಸುಧಿ, ಇಲ್ಲಿ ಬಾ. ನಿನ್ನ ಉಗುರ ತೋರಸು."

ಉಗುರು ಬೆಳೆಸಿದ್ದಕ್ಕೆ ಶಾಲೆಯಲ್ಲಿ ಏಟು ತಿನ್ನುತ್ತಿದ್ದವಳು ನಾನು, ಹೆದರಿಕೊಂಡೇ ಚಾಚಿದೆ. "ಭಾಳ ಛಲೋ ಆತು" ಅಂದ ಕಾಕಾ. "ಈ ಕೂಡುಗೆರಿ ಮ್ಯಾಲ ಉಗುರ ಎಳಿ. ಜೋಡಿ ಖರೆ ಇದ್ರ ಉಗುರ ಜಾರಿ ಹೋಗತದ. ಬ್ಯಾರೆದ್ದಿದ್ರ ಜರಾ ತಡೀತದ."

ಕಣ್ಣು ಮುಚ್ಚಿ ಎಳೆದೆ. ತಡೆಯಿತು. ಬೇರೆ ಟೋಪಿ. ತಡೆಯಿತು. ಮೂರನೆಯದು. ಉಗುರು ಹಾಲಿನ ಮೇಲೆ ಹೋದಂತೆ ಹೋಯಿತು. "ಇದು ಕಾಕಾ! ಇದು!" ಅವನು ನನ್ನನ್ನು ನಂಬಲಿಲ್ಲ. ಹಿಂದೆ ತಿರುಗಿಸಿ ನಿಲ್ಲಿಸಿ, ಕಲಸಿ ಕೊಟ್ಟು ಮತ್ತೆ ಮತ್ತೆ ಕೇಳಿದ. ನಾನು ಅದೇ ಜೋಡಿ ಹೇಳಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಜೋಡಿ ಸಿಕ್ಕಿದ್ದವು. ಈ ಸಲ ಕುಂಕುಮ ಹಚ್ಚಲಿಲ್ಲ, ಹೂ ಕಟ್ಟುವ ದಾರದಿಂದ ಜೋಡಿಗಳನ್ನು ಕಟ್ಟಿಟ್ಟ.

ಆಮೇಲಿನ ದಿನಗಳು ಹೇಗೆ ಓಡಿದವೋ! ಇಂಜಿನ್ ಕಟ್ಟಿದ್ದಾಯಿತು. ಹಣಮಂತ ಮಾಮಾ ಮತ್ತೆ ಹಾರೆ ಹಿಡಿದು ಬಂದ. ಈ ಸಲ ಇಂಜಿನ್ನನ್ನೂ ಹಾರೆಯಿಂದ ಮೀಟಿ ಫರ್ಸಿಗಳ ಮೇಲೆ ಏರಿಸಿ ಕಂಬಿಗೆ ತೂಗುಹಾಕಿ, ಆ ಫರ್ಸಿ ತೆಗೆದು, ಗಾಡಿಯನ್ನು ಕೆಳಗೆ ತಂದು, ಫರ್ಸಿ ಒಂದೊಂದಾಗಿ ಸೇರಿಸುತ್ತ ಗಾಡಿಯನ್ನೇ ಇಂಜಿನ್ನಿನ ತನಕ ಏರಿಸಿದರು. ಮೂಗಿನ ತುಂಬ ಕೆಂಪು ಬಣ್ಣದ ವಾಸನೆ, ಓಣಿಯ ಹುಡುಗರೆಲ್ಲ ಗೋಡೆಯ ಮೇಲೆ.

ಪಾಡ್ಯದ ಬೆಳಿಗ್ಗೆ ಗಾಡಿಗೆ ಚೆಂಡುಹೂವಿನ ಹಾರ. ಅಜ್ಜಿ ದೂರದಿಂದಲೇ ಆರತಿ ಎತ್ತಿದಳು. ಕಾಕಾ ಕೀಲಿ ತಿರುಗಿಸಿದ. ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು, ಕರಿ ಹೊಗೆ ಬಿಟ್ಟಿತು, ನಿಂತಿತು. ನಾನು ರಾಯರಿಗೆ ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಮೂರನೆಯ ಸಲ ಹೊತ್ತಿಕೊಂಡಿತು ನೋಡಿ, ಕೊಟ್ಟಿಗೆಯ ಫರ್ಸಿಗಳೆಲ್ಲ ನಡುಗಿದವು! ಕಾಕಾ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತ. ನಾನೂ ಅತ್ತೆ.

ಅಜ್ಜ ಧೋತರದ ಚುಂಗು ಎತ್ತಿಕೊಂಡು, ಕರಿ ಟೋಪಿ ಒತ್ತಿ ಹಿಡಿದು ಪಕ್ಕದ ಸೀಟಿನಲ್ಲಿ ಕೂತ. ನಾನು ಸೀಟಿನ ಹಿಂದಿನ ಸಂದಿಯಲ್ಲಿ. ಊರು ದಾಟಿ, ಪೂಲಿನ ಮೇಲೆ ಬಂದಾಗ ಕಾಗಿಣಾದ ತಂಪು ಗಾಳಿ ಮುಖಕ್ಕೆ ಹೊಡೆಯಿತು. ಅಜ್ಜನ ಟೋಪಿ ಹಾರಿಹೋಯಿತು. ಕಾಕಾ ಹೆದರಿ ಬ್ರೇಕಿಗೆ ಕಾಲಿಟ್ಟ.

"ಯಾಕ ನಿಂದರಸತಿ?" ಅಂದ ಅಜ್ಜ. "ಇನ್ನಷ್ಟ ಜೋರ ಬಿಡು."

ವಾಪಸು ಬರುವಾಗ, ಮನೆ ಹತ್ತಿರವಾದ ಮೇಲೆ, ಅಜ್ಜ ಮುಂದಿನ ರಸ್ತೆ ನೋಡುತ್ತಲೇ ಕೇಳಿದ: "ಸ್ಟೇಷನ್ ರೋಡಿನ್ಯಾಗ ಶೆಡ್ ನೋಡೀಯೇನು, ಇನ್ನ ನೋಡಬೇಕೋ?"

ಅಲ್ಲಿಂದ ಕಾಕಾ ಇಪ್ಪತ್ತು ವರ್ಷಕ್ಕೂ ಮೇಲೆ ಗ್ಯಾರೇಜ್ ನಡೆಸಿದ. ಅಜ್ಜಿ ಆ ಗಾಡಿಯ ಸೀಟಿನ ಮೇಲೆ ಮಡಿಯ ಧಾಬಳಿ ಹಾಸಿಕೊಂಡು ಮಳಖೇಡದ ಮಠಕ್ಕೆ ಹೋಗಿ ಬಂದಳು, ಬಿರುಗಾಳಿಗೆ ಸೆರಗು ಹಿಡಿದುಕೊಂಡು ನಗುತ್ತ. ಈಗ ಅಜ್ಜ ಅಜ್ಜಿ ಇಲ್ಲ. ಗಾಡಿಯನ್ನು ಹೈದರಾಬಾದಿನವರು ಒಯ್ದರು. ಕೊಟ್ಟಿಗೆ ಕೆಡವಿ ಕಟ್ಟಿದ ಮನೆಗೆ ಟೈಲ್ಸ್ ಬಂದಿವೆ, ನೀರು ಚೆಲ್ಲಿದರೆ ಫಿನೈಲ್ ವಾಸನೆ ಬರುತ್ತದೆ. ಶಹಾಬಾದಿನಲ್ಲಿದ್ದುಕೊಂಡು ಟೈಲ್ಸ್! ಸಿಟ್ಟು ಬರುತ್ತದೆ ನನಗೆ.

ಹೋದ ದೀಪಾವಳಿಗೆ ಕಾಕಾ ನಮ್ಮಲ್ಲಿಗೆ ಬಂದಿದ್ದ. ಚಹಾ ಕುಡಿಯುತ್ತಿದ್ದಾಗ, ಇಷ್ಟು ವರ್ಷದ ಮೇಲೆ, ಹೇಳಿಯೇಬಿಟ್ಟೆ. "ಕಾಕಾ, ಆ ಕುಂಕುಮ ಅಜ್ಜಿ ಹಚ್ಚಿದ್ದಲ್ಲ. ನಾನು."

ಅವನು ಬಟ್ಟಲು ಕೆಳಗಿಡಲೂ ಇಲ್ಲ. "ಮಡಿ ಉಟ್ಟ ನಮ್ಮವ್ವ ಗ್ರೀಸ್ ಮುಟ್ಟತಾಳೇನು ಹುಚ್ಚಿ? ಅವತ್ತೇ ಗೊತ್ತಾಗಿತ್ತು."

"ಮತ್ತ ಒಂದ ಮಾತ ಯಾಕ ಕೇಳಲಿಲ್ಲ?"

"ಮರುದಿನ ಅವ್ವ ಸಕ್ಕರಿ ಬಿಟ್ಟಳಲ್ಲ. ನಾ ಬಾಯಿ ತಗದಿದ್ರ ಆಕಿ ಬಿಟ್ಟಿದ್ದು ಸುಮ್ಮನ ದಂಡ ಆಗತಿತ್ತು."

ಅಜ್ಜಿ ಸಾಯುವ ತನಕ ಹದಿನಾರು ವರ್ಷ ಕಹಿ ಚಹಾ ಕುಡಿದಳು. ಈಗ ನಾನು, ನಮ್ಮ ಮನೆಯವರು, ಕಾಕಾ, ಎಲ್ಲರೂ ಸಕ್ಕರೆಯಿಲ್ಲದ ಚಹಾನೇ ಕುಡಿಯುತ್ತೇವೆ. ಡಾಕ್ಟರು ಬಿಡಿಸಿದ್ದು. ಇನ್ನೊಬ್ಬರ ತಪ್ಪಿಗಾಗಿ ಸಕ್ಕರೆ ಬಿಟ್ಟವರು ನಮ್ಮ ಮನೆಯಲ್ಲಿ ಅಜ್ಜಿಯ ನಂತರ ಯಾರೂ ಇಲ್ಲ.