ರಾಜೇಶ್ವರಿಯನ್ನು ನೋಡಲು ಬಂದವರು

ಓದುವ ತಾಯಂದಿರೇ, ಅಣ್ಣತಮ್ಮಂದಿರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಕೆಳಗಿಟ್ಟು ಇತ್ತ ಕಿವಿಗೊಡಿ. ಒಲೆಯ ಮೇಲೆ ಹಾಲಿದ್ದರೆ ಮೊದಲು ಅದನ್ನು ಇಳಿಸಿ ಬನ್ನಿ, ನಾನು ಕಾಯುತ್ತೇನೆ. ಕರೋಶಿಯಲ್ಲಿ ಆಡು ಸಾಕಿ ಬದುಕುವ ಮಾಳುವಿನ ಮಗಳು ರಾಜೇಶ್ವರಿಯ ಸಂಗತಿಯನ್ನು ನಿಮಗೆ ಹೇಳಬೇಕಾಗಿದೆ. ಇದು ಪುರಾಣದ ಕಥೆಯಲ್ಲ, ಹೋದ ವರ್ಷದ ಆಷಾಢದಲ್ಲಿ ನಡೆದದ್ದು. ಯಡೂರಿನ ವೀರಭದ್ರನ ಸನ್ನಿಧಿಯಲ್ಲಿ ಸೋಮವಾರಕ್ಕೊಮ್ಮೆ ನಾಲ್ಕು ಒಳ್ಳೆಯ ಮಾತು ಹೇಳುತ್ತ ಬಂದವನು ನಾನು. ಆ ದಿನ ಮಾಳುವಿನ ಮನೆಯ ಪಡಸಾಲೆಯಲ್ಲಿ ನಾನು ಕಲಿತಷ್ಟನ್ನು ಮೂವತ್ತು ವರ್ಷದ ಸೋಮವಾರಗಳಲ್ಲಿ ಯಾರಿಗೂ ಕಲಿಸಿರಲಾರೆ.

ರಾಜೇಶ್ವರಿಗೆ ಆಗ ಹದಿನೆಂಟು ತುಂಬಿತ್ತು. ಪಿಯುಸಿ ಪಾಸಾಗಿ, ಪಶುಸಂಗೋಪನೆಯ ಡಿಪ್ಲೊಮಾ ಓದಲು ಸೀಟು ಪಡೆದಿದ್ದಳು. ಆದರೆ ಕಾಲೇಜಿನ ಶುಲ್ಕ, ಹಾಸ್ಟೆಲ್ಲಿನ ಖರ್ಚು ಮಾಳುವಿನ ಕೈಗೆ ಎಟುಕುವಂತಿರಲಿಲ್ಲ. ಚಿಕ್ಕೋಡಿಯಲ್ಲಿ ಒಂದು ಚಿಕ್ಕ ಟ್ರಸ್ಟ್ ಇದೆ. ವರ್ಷಕ್ಕೆ ಹಳ್ಳಿಯ ಒಬ್ಬಳೇ ಹುಡುಗಿಗೆ ಓದು ಮುಗಿಯುವವರೆಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅದರ ನಿಯಮವೂ ಒಂದೇ: ಟ್ರಸ್ಟಿನವರು ಮನೆಗೆ ಬಂದಾಗ ಕೇಳಿದ ಪ್ರಶ್ನೆಗೆ ಹುಡುಗಿಯೇ ಉತ್ತರ ಹೇಳಬೇಕು. ಹೇಳದಿದ್ದರೆ ಆ ಅವಕಾಶ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತದೆ.

ಕಷ್ಟ ಇದ್ದದ್ದು ಅಲ್ಲಿಯೇ. ಹದಿನೆಂಟು ವರ್ಷಗಳಲ್ಲಿ ಆ ಮಗುವನ್ನು ಕೇಳಿದ ಒಂದು ಪ್ರಶ್ನೆಗಾದರೂ ಅವಳೇ ಉತ್ತರ ಹೇಳಿದ್ದನ್ನು ಕಂಡವರಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆಂದು ಕೇಳಿದರೆ ಅಜ್ಜಿ ಲಗಮವ್ವ ಹೇಳುತ್ತಿದ್ದಳು. ಶಾಲೆಯಲ್ಲಿ ಹಾಜರಿ ಕೂಗಿದರೆ ಪಕ್ಕದ ಹುಡುಗಿ ‘ಬಂದಾಳ್ರಿ’ ಎನ್ನುತ್ತಿದ್ದಳು. ಹಾರೂಗೇರಿಯ ಸೋದರಮಾವ ಬಾಳಾಸಾಬ ಅವಳನ್ನು ದವಾಖಾನೆಗೆ ಕರೆದೊಯ್ದಾಗ, ನೋವು ಎಲ್ಲಿದೆ ಎಂದು ಡಾಕ್ಟರು ಕೇಳಲು, ಆತ ತನ್ನ ಹೊಟ್ಟೆಯನ್ನೇ ಒತ್ತಿ ತೋರಿಸಿ ತಾನೇ ಗುಳಿಗೆ ನುಂಗಿ ಬಂದದ್ದುಂಟು. ತನ್ನ ಉತ್ತರದಿಂದ ಲೋಕಕ್ಕೆ ಏನೂ ಆಗಬೇಕಾಗಿಲ್ಲ ಎಂದು ಹುಡುಗಿ ನಂಬಿಬಿಟ್ಟಿದ್ದಳು.

ಟ್ರಸ್ಟಿನವರು ಬರುವ ಸುದ್ದಿ ತಿಳಿದೊಡನೆ ಬಾಳಾಸಾಬ ಕಾರಭಾರವನ್ನು ಕೈಗೆತ್ತಿಕೊಂಡ. ಏಳು ಮಂದಿ ಸೋದರಸೊಸೆಯಂದಿರ ಹೆಣ್ಣು ತೋರಿಸುವ ಶಾಸ್ತ್ರವನ್ನು ದಾಟಿಸಿದ ಅನುಭವಸ್ಥ ಆತ. ಮನೆಗೆ ನಾಲ್ಕು ಜನ ಬಂದು ಹುಡುಗಿಯನ್ನು ನೋಡುತ್ತಾರೆಂದರೆ ಏನೇನು ಮಾಡಬೇಕೆಂಬುದು ಆತನಿಗೆ ಬಾಯಿಪಾಠ. ಬೇರೆ ಬಗೆಯ ನೋಡುವಿಕೆಯೊಂದು ಜಗತ್ತಿನಲ್ಲಿ ಇದೆಯೆಂದು ಆತನಿಗೆ ಯಾರೂ ಹೇಳಿರಲಿಲ್ಲ. ಗೋಡೆಗೆ ಸುಣ್ಣ ಬಿತ್ತು. ಹಾಲಿನ ಡೇರಿಯಿಂದ ಕುರ್ಚಿಗಳು ಬಂದವು. ರಾಜೇಶ್ವರಿಗೆ ಮಾಮಿಯ ಇಳಕಲ್ಲ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಮಣೆಯ ಮೇಲೆ ಕೂರಿಸಿದರು. ಲಗಮವ್ವನಿಗೆ ಮಾತ್ರ ಒಂದು ಸಂಶಯ: ಆಷಾಢದಲ್ಲಿ ಹೆಣ್ಣು ನೋಡಲು ಯಾರು ಬರುತ್ತಾರೆ? ಕಲಿತ ಮಂದಿಗೆ ಆಷಾಢ ಶ್ರಾವಣ ಎಲ್ಲ ಒಂದೇ ಎಂದು ಬಾಳಾಸಾಬ ಸಮಾಧಾನ ಹೇಳಿದ.

ಬಂದವರು ಇಬ್ಬರು: ನಿವೃತ್ತ ಶಿಕ್ಷಕಿ ಜಿನಮತಿ ಬಾಯಿಯವರು, ನಿಪ್ಪಾಣಿಯ ವ್ಯಾಪಾರಿ ರಾವಸಾಹೇಬರು. ದಾರಿ ತೋರಿಸಲು ನಾನು ಜೊತೆಗಿದ್ದೆ.

ರಾವಸಾಹೇಬರಿಗೆ ಅರವತ್ತೆಂಟು ವರ್ಷ. ಲಗಮವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿ, ನನ್ನ ಕಿವಿಯಲ್ಲಿ, ಆದರೆ ಇಡೀ ಓಣಿಗೆ ಕೇಳುವಂತೆ ಪಿಸುಗುಟ್ಟಿದಳು:

“ಗಂಡಿಗಿ ವಯಸ್ಸು ಜರಾ ಜಾಸ್ತಿ ಆತೇನ್ರಿ. ಮುಂದಿನ ಹಲ್ಲೂ ಇಲ್ಲಲ್ಲ.”

ರಾವಸಾಹೇಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡವರು ಹೊರಡುವವರೆಗೂ ತೆಗೆಯಲಿಲ್ಲ.

ಪ್ರಶ್ನೆಗಳು ಆರಂಭವಾದವು. ಹೆಸರೇನೆಂದು ಬಾಯಿಯವರು ಕೇಳಿದರೆ ಬಾಳಾಸಾಬ ಹೇಳಿದ. ಎಷ್ಟು ಓದಿದ್ದಾಳೆಂದರೆ ಅದನ್ನೂ ಹೇಳಿ, ದಿನಕ್ಕೆ ನಲವತ್ತು ರೊಟ್ಟಿ ಬಡಿಯುತ್ತಾಳೆಂದು ಸೇರಿಸಿದ. ಹುಡುಗಿಯೇ ಹೇಳಲಿ ಎಂದು ಬಾಯಿಯವರು ಎರಡು ಸಲ ವಿನಯದಿಂದ ತಿಳಿಸಿದರು. ಎರಡು ಸಲವೂ ಬಾಳಾಸಾಬ ‘ಹೇಳತಾಳ್ರಿ’ ಎಂದು ತಾನೇ ಹೇಳಿದ.

“ನಿನಗ ಯಾವ ವಿಷಯ ಸೇರತೈತಿ, ತಂಗಿ?”

“ನಾವು ಏನ್ ಹೇಳತೀವೋ ಅದ ಸೇರತೈತ್ರಿ ಆಕಿಗಿ,” ಎಂದ ಬಾಳಾಸಾಬ.

“ಮುಂದ ಏನಾಗಬೇಕಂತ ಮಾಡೀದಿ?”

ಇದಕ್ಕೆ ಲಗಮವ್ವ ಮುಂದೆ ಬಂದಳು. “ನಿಮ್ಮ ಮನ್ಯಾಗ ಹೆಂಗ ಇರು ಅಂತೀರಿ, ಹಂಗ ಇರತಾಳ ನನ್ನ ಮೊಮ್ಮಗಳು.”

ಬಾಯಿಯವರು ಕೈಯಲ್ಲಿದ್ದ ಅರ್ಜಿಯನ್ನು ಮತ್ತೊಮ್ಮೆ ತಿರುವಿ ನೋಡಿದರು. ಅಷ್ಟರಲ್ಲಿ ಹುಡುಗಿಯ ಕಾಲುಗಳು ನೆಟ್ಟಗಿವೆಯೆಂದು ತೋರಿಸಲು ಮಾವ ಅವಳನ್ನು ಬಾಗಿಲಿನವರೆಗೆ ನಡೆಸಿ ಮತ್ತೆ ಮಣೆಗೆ ತಂದ. ಕಣ್ಣು ಚುರುಕಾಗಿದೆಯೆಂದು ತೋರಿಸಲು ಸೂಜಿಗೆ ದಾರ ಪೋಣಿಸಲು ಹಚ್ಚಿದ. ರಾವಸಾಹೇಬರು ಮರ್ಯಾದೆಗೆಂದು ಇನ್ನೊಂದು ಕೈಯಿಂದ ತೊಡೆ ತಟ್ಟಿದರು.

ಆಗ ಬಂತು ಅವಲಕ್ಕಿ. ಉಳ್ಳಾಗಡ್ಡಿ ಯಥೇಚ್ಛವಾಗಿ ಹಾಕಿ ಒಗ್ಗರಿಸಿದ್ದು. ಜಿನಮತಿ ಬಾಯಿಯವರು ತಾಟಿನ ಮೇಲೆ ಅಡ್ಡ ಕೈಯಿಟ್ಟರು.

ನಮ್ಮ ಸೀಮೆಯ ರೂಢಿ ನಿಮಗೆ ತಿಳಿದದ್ದೇ. ಹೆಣ್ಣು ನೋಡಲು ಬಂದವರು ತಾಟು ಮುಟ್ಟಲಿಲ್ಲವೆಂದರೆ ಹೆಣ್ಣು ಮನಸ್ಸಿಗೆ ಬರಲಿಲ್ಲವೆಂದು ಅರ್ಥ. ಬಾಗಿಲ ಮರೆಯಲ್ಲಿದ್ದ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಎರಡನೆಯ ತಾಟು ತಿನ್ನುತ್ತಿದ್ದೆ. ಅದರಿಂದ ಯಾರಿಗೂ ಧೈರ್ಯ ಬರಲಿಲ್ಲ. ಮಾತು ಮುರಿದು ಬೀಳುವ ಮೊದಲೇ ಹಿಡಿಯಬೇಕೆಂದು ಬಾಳಾಸಾಬ ಕೈ ಮುಗಿದ.

“ಹುಡುಗಿ ಬಣ್ಣ ಜರಾ ಕಮ್ಮಿ ಐತಿ, ಒಪ್ಪತೀನ್ರಿ. ಅದಕ್ಕ ಬೇಕಾದ್ರ ಹಟ್ಯಾಗಿನ ಕಪ್ಪು ಆಡು ನಿಮ್ಮ ಸಂಗಾಟ ಹೊಡದ ಕಳಸತೀವಿ. ಗಬ್ಬ ಐತ್ರಿ, ಎರಡು ಮರಿ ಹಾಕತೈತಿ.”

ಮಣೆಯ ಮೇಲಿನ ತಲೆ ಮೇಲೆದ್ದಿತು.

“ಮಾಮಾ, ಸುಮ್ಮ ಕುಂಡ್ರು,” ಎಂದಳು ರಾಜೇಶ್ವರಿ. “ಆ ಆಡು ನಂದು. ಅವರು ನನ್ನ ಬಣ್ಣ ನೋಡಾಕ ಬಂದಿಲ್ಲ, ನನ್ನ ಮಾತು ಕೇಳಾಕ ಬಂದಾರ.”

ಬಾಳಾಸಾಬ ಕುಳಿತ. ಕುರ್ಚಿ ಅಲ್ಲಿರಲಿಲ್ಲ, ಆದರೂ ಕುಳಿತ.

ಹುಡುಗಿ ಎದ್ದು ಬಂದು ಬಾಯಿಯವರ ಮುಂದಿನ ತಾಟು ತೆಗೆದಳು. “ನಿಮಗ ಚಾತುರ್ಮಾಸ ಹತ್ತೇತಲ್ಲರಿ ಬಾಯಾರ, ಉಳ್ಳಾಗಡ್ಡಿ ನಡಿಯೂದಿಲ್ಲ. ನನ್ನ ಗೆಳತಿ ರೂಪಾಲಿನೂ ಜೈನರಾಕಿ, ನನಗ ಗೊತ್ತೈತಿ. ನೀವು ಬಂದಾಗಿಂದ ಹೇಳಬೇಕಂತಿದ್ನಿ, ಮಾತಾಡಾಕ ಸಂದೇ ಸಿಗಲಿಲ್ಲ.” ಒಳಗಿನಿಂದ ಹುರಿದ ಶೇಂಗಾ, ಬೆಲ್ಲ ತಂದಿಟ್ಟಳು.

ಅನಂತರ ಮಾತಾಡಿದಳು. ದೇವರಾಣೆ, ಮಾತಾಡಿದಳು! ಆ ಕಪ್ಪು ಆಡಿಗೆ ಹಿಂದಿನ ಸುಗ್ಗಿಯಲ್ಲಿ ಹೊಟ್ಟೆಯುಬ್ಬರವಾದಾಗ ಊರೆಲ್ಲ ಕೈಬಿಟ್ಟಿತ್ತಂತೆ. ಇವಳು ಪಶುವೈದ್ಯರಿಗೆ ಫೋನು ಹಚ್ಚಿ, ಅವರು ಹೇಳಿದಂತೆ ಎಣ್ಣೆ ಕುಡಿಸಿ, ಹೊಟ್ಟೆ ತಿಕ್ಕಿ, ಮುಂಗಾಲು ಎತ್ತರದಲ್ಲಿ ನಿಲ್ಲಿಸಿ ಉಳಿಸಿಕೊಂಡಿದ್ದಳು. ವೈದ್ಯರು ಬರುವುದರೊಳಗೆ ಎಷ್ಟೋ ಆಡು ಸಾಯುತ್ತವೆ, ಊರಲ್ಲೇ ತಿಳಿದವರೊಬ್ಬರು ಇರಬೇಕು, ಅದು ತಾನಾಗಬೇಕು ಎಂದಳು. ಗಣಿತದಲ್ಲಿ ಮೂವತ್ತೊಂಬತ್ತೇ ಬಂದದ್ದನ್ನು ಕೇಳದಿದ್ದರೂ ಹೇಳಿದಳು. ಹೇಳುತ್ತ ಹೇಳುತ್ತ ಸೀರೆಯ ನೆರಿಗೆ ಬಿಚ್ಚಿಕೊಂಡಿತು. ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಆಡಿನ ಹೊಟ್ಟೆಯ ಆಕಾರ ತೋರಿಸುತ್ತ ಮುಂದುವರಿದಳು.

“ಪಾಪ ಅಂತ ಕೊಡಬ್ಯಾಡ್ರಿ ನನಗ,” ಎಂದು ಮುಗಿಸಿದಳು. “ಓದಾಕ ಆಗತೈತಿ ನನ್ನ ಕಡೆಯಿಂದ. ಅದು ಖರೇ ಅನಸಿದ್ರ ಕೊಡ್ರಿ.”

ಊರಿಗೆ ಹೋಗಿ ಹೇಳಿ ಕಳಿಸುತ್ತೀರೇನು ಎಂದು ಬಾಳಾಸಾಬ ನೆಲದಿಂದಲೇ ಕೇಳಿದ. ಜಿನಮತಿ ಬಾಯಿಯವರು ಶೇಂಗಾ ಬಾಯಿಗೆ ಹಾಕಿಕೊಂಡು, ಈ ಮನೆಗೆ ಹೇಳಿಕಳಿಸುವ ಪದ್ಧತಿ ಬೇಡ ಎಂದರು. ಅರ್ಜಿಯ ಮೇಲೆ ಅಲ್ಲೇ ರುಜು ಮಾಡಿದರು. ರುಜು ಮಾಡುವ ಮೊದಲು ಕೇಳಿದ ಕೊನೆಯ ಪ್ರಶ್ನೆ ಒಂದೇ, ಯಾವಾಗ ಹೊರಡುತ್ತೀ ಎಂದು. ಪಡಸಾಲೆಯಲ್ಲಿ ಆರು ಬಾಯಿ ತೆರೆದವು. ಅಷ್ಟು ಹೊತ್ತೂ ಕಂಬಕ್ಕೊರಗಿ ನಿಂತಿದ್ದ ಮಾಳು ತನ್ನ ಜೀವಮಾನದಲ್ಲಿ ಮೊದಲ ಸಲ ಕೈಯೆತ್ತಿ ಎಲ್ಲರನ್ನೂ ತಡೆದ.

“ನಾಳಿಗೇರಿ,” ಎಂದಳು ರಾಜೇಶ್ವರಿ.

ಪ್ರಿಯರೇ, ಭಗವಂತ ಒಬ್ಬೊಬ್ಬರಿಗೂ ಒಂದೊಂದು ನಾಲಿಗೆ ಕೊಟ್ಟಿದ್ದಾನೆ. ಮಾಮನಿಗೆ ಎರಡು ಕೊಟ್ಟಿಲ್ಲ. ಮಗಳ ಪಾಲಿನ ಉತ್ತರವನ್ನು ನಾವು ಹೇಳಿದರೆ ಅವಳ ಪ್ರಸಾದವನ್ನು ಕಸಿದು ತಿಂದ ಹಾಗೆ. ಅಥಣಿ, ಕಾಗವಾಡ, ರಾಯಬಾಗ, ಎಲ್ಲಿಯೇ ಇರಿ, ನಿಮ್ಮ ಓಣಿಯಲ್ಲಿಯೂ ಮಣೆಯ ಮೇಲೆ ತಲೆತಗ್ಗಿಸಿ ಕುಳಿತ ಮಗುವೊಂದು ಇದ್ದೇ ಇದೆ. ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಅವಳ ಮನೆಗೆ ನೀವೇ ಒಯ್ದು ಮುಟ್ಟಿಸಿ. ಅರ್ಜಿಯನ್ನು ಅವಳ ಕೈಯಿಂದಲೇ ತುಂಬಿಸಿ. ಅವಳನ್ನು ಏನಾದರೂ ಕೇಳಿ, ಕೇಳಿದ ಮೇಲೆ ದಯಮಾಡಿ ಬಾಯಿ ಮುಚ್ಚಿಕೊಂಡು ಕಾಯಿರಿ, ಎಷ್ಟು ಹೊತ್ತಾದರೂ ಸರಿ.