ಕಪಾಟಿನಲ್ಲಿಟ್ಟ ದಾಖಲೆ

ಶಿಕ್ಷಣ ನೀತಿಯ ಬಗ್ಗೆ ಮಾತಾಡಲು ಸೋಲಾಪುರದಲ್ಲಿ ಆಗಾಗ ನನ್ನನ್ನು ಕರೆಯುತ್ತಾರೆ. ಮೈಕು ಸಿಕ್ಕರೆ ಬಿಡುವವನಲ್ಲ ನಾನು. ಮಕ್ಕಳ ತಲೆ ಎಣಿಸಿ ಶಾಲೆಯ ಯೋಗ್ಯತೆ ಅಳೆಯುವ ಪದ್ಧತಿಯನ್ನು ಹಿಗ್ಗಾಮುಗ್ಗಾ ಬೈಯುತ್ತೇನೆ. ಗಡಿಯ ಈಚೆ, ಮರಾಠಿ ನಾಡಿನಲ್ಲಿರುವ ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರೆ ಮಾಸ್ತರರನ್ನು ಎತ್ತುತ್ತಾರೆ, ಮಾಸ್ತರರಿಲ್ಲದೆ ಕಲಿಕೆ ಕೆಡುತ್ತದೆ, ಕಲಿಕೆ ಕೆಟ್ಟಿತೆಂದು ಇದ್ದ ಮಕ್ಕಳೂ ಹೋಗುತ್ತಾರೆ ಎಂದು ಬೆರಳು ಮಡಚಿ ಮಡಚಿ ಹೇಳುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಆಗ ನನಗೆ ಒಬ್ಬ ಹುಡುಗಿಯ ನೆನಪಾಗುತ್ತದೆ.

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಗೆ ನಾನು ಮುಖ್ಯಾಧ್ಯಾಪಕ. ಮನೆ ಸೋಲಾಪುರದಲ್ಲಿ, ದಿನಾ ವಳಸಂಗದ ಮೇಲೆ ಹಾಯುವ ಬಸ್ಸಿನಲ್ಲಿ ಓಡಾಟ. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಪಟದಲ್ಲಿ, ಅಂದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಇರುವ ಹೆಸರುಗಳನ್ನು ನೋಡಿ ಎಷ್ಟು ಮಾಸ್ತರರು ಬೇಕೆಂದು ಮೇಲಿನವರು ತೀರ್ಮಾನಿಸುತ್ತಾರೆ. ಅಲ್ಲಿಯವರೆಗೆ ಒಂದು ಮಗುವೂ ಶಾಲೆ ಬಿಟ್ಟು ಹೋಗದಂತೆ ನಾವು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ಒಬ್ಬ ಕುರುಬರ ಹೆಣ್ಣುಮಗಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ನಾಲ್ಕನೆಯ ತರಗತಿ ಮುಗಿಸಿದ್ದಳು. ಅವಳಂತೆ ಪಾಠ ಓದುವವರು ಏಳನೆಯ ತರಗತಿಯಲ್ಲೂ ಇರಲಿಲ್ಲ.

“ಗುರುಜಿ, ಸೋಲಾಪುರದ ಬೋರ್ಡಿಂಗ್ ಸಾಲ್ಯಾಗ ಇಕಿಗಿ ಜಾಗಾ ಸಿಕ್ಕೈತ್ರಿ. ದಾಖಲಾ ಕೊಟ್ಟಬಿಡ್ರಿ. ದಸರಾ ಆದಮ್ಯಾಲ ನಾವು ಕುರಿ ಹೊಡ್ಕೊಂಡು ಹೋಗಾವ್ರು. ನಮ್ಮತ್ತಿನೂ ತೀರಿಕೊಂಡ್ಳು, ಪೋರಿನ್ನ ಇನ್ನ ಯಾರ ಹಂತ್ಯಾಕ ಬಿಡೂದು?”

ಬೇರೆ ಶಾಲೆ ಸೇರಲು ಬೇಕಾದ, ಶಾಲೆ ಬಿಟ್ಟ ದಾಖಲೆ ಬರೆಯಲು ಹತ್ತು ನಿಮಿಷ ಸಾಕು. ಅಂದೇ ಬರೆದೆ, ಸಹಿಯನ್ನೂ ಹಾಕಿದೆ. ಆಮೇಲೆ ಪಟದ ಪುಸ್ತಕ ತೆರೆದು ನೋಡಿದೆ. ಈ ಒಂದು ಹೆಸರು ಹೋದರೆ ಒಬ್ಬ ಮಾಸ್ತರ ಹೋಗುತ್ತಿದ್ದ. ಹೋಗುವ ಸರದಿ ನನ್ನದೇ ಇತ್ತು. ಎಲ್ಲಿಗೆ ಎತ್ತಿ ಒಗೆಯುತ್ತಾರೋ ಗೊತ್ತಿರಲಿಲ್ಲ. ದಾಖಲೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

“ಮ್ಯಾಲಿನ ಆಫೀಸದಿಂದ ನಂಬರ ಬರಬೇಕವ್ವ. ಬಂದ ಕೂಡ್ಲೇ ಕೊಡ್ತೀನಿ,” ಎಂದೆ.

ಅಂಥ ಯಾವ ನಂಬರೂ ಇರಲಿಲ್ಲ. ಮೂರು ತಿಂಗಳು ತಡವಾದರೆ ಬೋರ್ಡಿಂಗಿನವರು ಹೇಗೂ ಸೇರಿಸಿಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿದ ಮಕ್ಕಳಿಗಾಗಿಯೇ ಇದನ್ನು ಮಾಡುತ್ತಿದ್ದೇನೆ ಎಂದೂ ಹೇಳಿಕೊಂಡೆ. ಹುಡುಗಿ ಮಾತ್ರ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬರುತ್ತಿದ್ದಳು.

“ಗುರುಜಿ, ನನ್ನ ದಾಖಲಾ ಬಂತೇನ್ರಿ?”

“ಇನ್ನಾ ಇಲ್ಲ ಪುಟ್ಟಿ.”

ಎಳ್ಳಷ್ಟೂ ಸಂಶಯವಿಲ್ಲದೆ ತಲೆಯಾಡಿಸಿ ಹೋಗುತ್ತಿದ್ದಳು. ಅವಳ ತಾಯಿ ನಡುವೆ ಎರಡು ಸಲ ಬಂದಳು. ಎರಡನೆಯ ಸಲ ನಾನು ಅವಳ ಎದುರಿಗೇ ಫೋನು ಕಿವಿಗಿಟ್ಟು, ಇಲ್ಲದ ಸಾಹೇಬರನ್ನು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡೆ. ಆಕೆ ಹೋಗುವಾಗ ನನಗೆ ಕೈಮುಗಿದು ಹೋದಳು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಅಕ್ಟೋಬರ್ ಮೊದಲ ವಾರ ದಾಖಲೆ ಕೊಟ್ಟೆ. ಬೋರ್ಡಿಂಗಿನವರು ಆ ಜಾಗವನ್ನು ಎಂದೋ ಬೇರೆ ಹುಡುಗಿಗೆ ಕೊಟ್ಟಿದ್ದರು. ದಸರಾ ಆದ ಮೇಲೆ ಕುರಿಹಿಂಡು ಭೀಮೆಯ ಕಡೆ ಹೊರಟಿತು, ಹುಡುಗಿಯೂ ಹೊರಟಳು. ಮುಂದೆ ಅವಳು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ನಮ್ಮ ಶಾಲೆಯಲ್ಲಿ ಮಾಸ್ತರರ ಸಂಖ್ಯೆ ಇದ್ದಷ್ಟೇ ಉಳಿಯಿತು.

ಆ ಪದ್ಧತಿ ಕೆಟ್ಟದ್ದೆಂದು ನಾನು ಇಂದಿಗೂ ಹೇಳುತ್ತೇನೆ. ಆದರೆ ಕಪಾಟಿಗೆ ಬೀಗ ಹಾಕು ಎಂದು ಯಾವ ಸರಕಾರವೂ ನನಗೆ ಆದೇಶ ಕಳಿಸಿರಲಿಲ್ಲ.

ಈ ವರ್ಷ ಜೂನಿನಲ್ಲಿ ಆ ತಾಯಿ ಮತ್ತೆ ಬಂದಳು, ಕಿರಿಯ ಮಗಳ ಕೈ ಹಿಡಿದುಕೊಂಡು. ಕುರಿಗಳೊಂದಿಗೆ ಈಗ ಗಂಡ ಮತ್ತು ದೊಡ್ಡ ಮಗಳು ಹೋಗುತ್ತಾರಂತೆ; ತಾಯಿ ಚಿಕ್ಕವಳೊಂದಿಗೆ ಊರಲ್ಲೇ ಉಳಿಯುತ್ತಾಳಂತೆ. ಊರಿನವರೆಲ್ಲ ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುತ್ತಿರುವಾಗ ನೀವೇಕೆ ಇಲ್ಲಿಗೆ ಬಂದಿರಿ ಎಂದು ಕೇಳಿದೆ.

“ದೊಡ್ಡಾಕಿನ ಹೇಳ್ಯಾಳ್ರಿ, ತಂಗೀನ ಗುರುಜಿ ಸಾಲಿಗೇ ಹಾಕು ಅಂತ. ನನ್ನ ಸಲುವಾಗಿ ಅವರು ಭಾಳ ಬಡಿದಾಡ್ಯಾರ, ಆಫೀಸದವ್ರ ಕೊಡ್ಲಿಲ್ಲ ಅಂದ್ಳು.”

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೇಳಿದರೆ ಈ ಮಗುವನ್ನೂ ಕರೆದುಕೊಂಡು ಹೋಗಿಬಿಟ್ಟಾಳು ಎನಿಸಿತು. ಈ ವರ್ಷವೂ ಪಟಕ್ಕೆ ಹೆಸರುಗಳು ಸಾಲುತ್ತಿರಲಿಲ್ಲ.

“ಹುಟ್ಟಿದ ತಾರೀಖು ಹೇಳ್ರಿ,” ಎಂದು ಪೆನ್ನು ತೆಗೆದೆ.