ನೀರಿಗೆ ಕಳೆದ ಎರಡು ಕಿಲೋ

ನನ್ನ ತಂಗಿಗೆ ಅವಳ ನಿಜವಾದ ತೂಕವನ್ನು ನಾನು ಹೇಳಲಿಲ್ಲ. ಒಂದು ಸಲವಲ್ಲ, ಆರು ವಾರ ಹೇಳಲಿಲ್ಲ.

ಎಂಟನೇ ತರಗತಿಗೇ ಶಾಲೆ ಬಿಟ್ಟ ನಾನು, ಕೂನೂರು ದಾರಿಯಲ್ಲಿರುವ ನಮ್ಮ ಹಟ್ಟಿಯ ಎಲೆ ಶೆಡ್ಡಿನಲ್ಲಿ ತೂಕ ನೋಡುತ್ತೇನೆ. ಜನ ಕಿತ್ತು ತಂದ ಚಹಾ ಎಲೆಯ ಮೂಟೆಯನ್ನು ತೊಲೆಗೆ ನೇತುಹಾಕಿದ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ತೋರಿಸಿದ್ದರಲ್ಲಿ ಚೀಲಕ್ಕೆ, ಎಲೆಗಂಟಿದ ನೀರಿಗೆ ಎಂದು ಎರಡು ಕಿಲೋ ಕಳೆದು ಕೂಗುವುದು ನನ್ನ ಕೆಲಸ.

ತಂಗಿಗೆ ಆಗ ಹದಿನಾರು. ದಪ್ಪಗಿದ್ದಳು. ಶೆಡ್ಡಿಗೆ ಬಂದರೆ ಎಲೆ ತರುವ ಹೆಂಗಸರಲ್ಲಿ ಯಾರಾದರೊಬ್ಬರು, "ಈ ಮೂಟೆ ಯಾರ ತೋಟದ್ದು?" ಎನ್ನುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೇನೆ. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ತಂಗಿ ಬಂದು, ತಾನು ತೂಕ ಇಳಿಸಬೇಕು, ವಾರಕ್ಕೊಮ್ಮೆ ತೂಗಿ ಹೇಳು, ಅಮ್ಮನಿಗೂ ತಿಳಿಯಬಾರದು ಎಂದಳು. ಕೊಕ್ಕೆಗೆ ಹಗ್ಗದ ಕುಣಿಕೆ ಕಟ್ಟಿ ಕೂರಿಸಿದೆ. ಮುಳ್ಳು ಅವಳ ತಲೆಯ ಮೇಲಿತ್ತು, ಕಾಣುತ್ತಿದ್ದುದು ನನಗೆ ಮಾತ್ರ. ಎಪ್ಪತ್ತೆಂಟು ಎಂದು ಇದ್ದದ್ದನ್ನೇ ಹೇಳಿದೆ. ಮರುವಾರವೂ ಎಪ್ಪತ್ತೆಂಟೇ. ಆದರೆ ನಾಲಗೆ ರೂಢಿಯಂತೆ ಎರಡು ಕಳೆದು ಎಪ್ಪತ್ತಾರು ಎಂದುಬಿಟ್ಟಿತು.

ಇಳಿದವಳು ನನ್ನ ಕೈ ಹಿಡಿದುಕೊಂಡಳು. ಅವಳ ಮುಖ ಅರಳಿತ್ತು. ತಪ್ಪಿ ಹೇಳಿದೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಪ್ರತಿ ವಾರ ಇನ್ನಷ್ಟು ಕಳೆಯಬೇಕಾಯಿತು. ಅವಳು ಮಧ್ಯಾಹ್ನದ ಡಬ್ಬಿಯನ್ನು ಮುಟ್ಟದೆ ವಾಪಸ್ ತರುತ್ತಿದ್ದಳು. ಸಂಜೆ ಹಸಿವು ತಡೆಯಲಾರದೆ ಅಡುಗೆಮನೆಯಲ್ಲಿ ನಿಂತೇ ತಿಂದು, ತಿಂದದ್ದಕ್ಕೆ ಬಚ್ಚಲಲ್ಲಿ ಅಳುತ್ತಿದ್ದಳು. ಮುಳ್ಳು ಎಪ್ಪತ್ತೇಳಕ್ಕಿಂತ ಕೆಳಗೆ ಬರಲಿಲ್ಲ. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಡುತ್ತದೆ ಎಂದಳು. ಸಾಕು ನಿಲ್ಲಿಸು ಎಂದೆ.

"ಇಳೀತಾ ಇದೆಯಲ್ಲಕ್ಕ, ಈಗ ಹೆಂಗೆ ನಿಲ್ಲಿಸಲಿ?" ಎಂದಳು.

ಏಳನೇ ವಾರ ಅರವತ್ತೆಂಟು ಎಂದೆ.

ಆ ಮಂಗಳವಾರ ಶಾಲೆಯಲ್ಲಿ ಮಕ್ಕಳನ್ನೆಲ್ಲ ತೂಗಿದರು. ನರ್ಸಮ್ಮ ಎಪ್ಪತ್ತೇಳು ಎಂದಾಗ ಇವಳು ಇಡೀ ತರಗತಿಯೆದುರು, ಅಲ್ಲ, ಅರವತ್ತೆಂಟು, ನಮ್ಮ ಅಕ್ಕನೇ ತೂಗಿದ್ದಾಳೆ ಎಂದು ವಾದಿಸಿದಳಂತೆ. ಮತ್ತೊಮ್ಮೆ ನಿಲ್ಲಿಸಿ ನೋಡಿದರಂತೆ, ಅಷ್ಟೇ ಇತ್ತಂತೆ. ಹುಡುಗಿಯರ ನಗು ನಿಲ್ಲಲೇ ಇಲ್ಲವಂತೆ.

ಸಮವಸ್ತ್ರದಲ್ಲೇ ನೇರ ಶೆಡ್ಡಿಗೆ ಬಂದಳು. ನಮ್ಮ ತಕ್ಕಡಿ ಕೆಟ್ಟಿರಬೇಕು ಎಂದೆ. ಅವಳು ತಕ್ಕಡಿ ಪರೀಕ್ಷಿಸಲು ಇಟ್ಟಿದ್ದ ಇಪ್ಪತ್ತು ಕಿಲೋದ ತೂಕದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕೊಕ್ಕೆಗೆ ಹಾಕಿ, ನನ್ನ ಪಕ್ಕಕ್ಕೆ ಬಂದು ನಿಂತಳು. ಮುಳ್ಳು ಸರಿಯಾಗಿ ಇಪ್ಪತ್ತರ ಮೇಲೆ ನಿಂತಿತು.

"ಎನಗ ಯಾಕಕ್ಕ ಹೀಗೆ ಮಾಡಿದೆ?"

ನಾನು ಖಾಲಿ ಚೀಲ ಮಡಿಸತೊಡಗಿದೆ.

ಒಂಬತ್ತು ದಿನ ಅವಳು ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ಹತ್ತನೇ ದಿನ ಸಂಜೆ ತಟ್ಟೆ ತಳ್ಳಿ ಎದ್ದವಳಿಗೆ ಅಡ್ಡ ನಿಂತೆ. ಶಾಲೆಯ ಸುದ್ದಿ ಕೇಳಿದ್ದ ಅಮ್ಮ ಒಲೆಯ ಬಳಿ ಇದ್ದಳು.

"ತಕ್ಕಡಿ ಕೆಟ್ಟಿರಲಿಲ್ಲ," ಎಂದೆ. "ಮೊದಲ ಸಲ ಬಾಯಿ ತಪ್ಪಿತು. ಆಮೇಲೆ ನಿನ್ನ ಮುಖ ನೋಡಿ ಹೆದರಿ, ಬೇಕೆಂದೇ ಸುಳ್ಳು ಹೇಳಿದೆ. ನೀ ಹಸಿದು ಒದ್ದಾಡೋದು ಕಂಡೂ ಹೇಳಿದೆ. ತಪ್ಪಾಯ್ತು ಕೂಸೇ, ಎನ್ನ ಮನ್ನಿಸು."